ಎಂಟು ನಿಮಿಷ ಹತ್ತು ಸೆಕೆಂಡ್

ಒಂದೇ ಒಂದು ಊರು. ಅದರ ಒಂದು ವರ್ಷದ ಬಜೆಟ್ 8,810 ಕೋಟಿ ಡಾಲರ್! ಡಾಲರಿಗೆ 85 ರೂಪಾಯಿ ಹಿಡಿದರೆ (ಈ ಬರಹದುದ್ದಕ್ಕೂ ಅದೇ ದರ ಇರಲಿ) ಸುಮಾರು ಏಳೂವರೆ ಲಕ್ಷ ಕೋಟಿ ರೂಪಾಯಿ. ಬೀದರ್‌ನಿಂದ ಚಾಮರಾಜನಗರದವರೆಗೆ ಹಬ್ಬಿದ ಇಡೀ ಕರ್ನಾಟಕದ 2025-26ರ ಬಜೆಟ್ಟೇ 4.09 ಲಕ್ಷ ಕೋಟಿ. 2011ರ ಜನಗಣತಿಯಲ್ಲಿ ನಾವು 6.11 ಕೋಟಿ ಜನ. ಆ ಊರಿನಲ್ಲಿರುವವರು 88 ಲಕ್ಷ. ಜನ ನಮ್ಮ ಏಳರಲ್ಲಿ ಒಂದು ಪಾಲು, ದುಡ್ಡು ನಮ್ಮ ಎರಡು ಪಟ್ಟಿಗೆ ಹತ್ತಿರ. ಊರಿನ ಹೆಸರು ನ್ಯೂಯಾರ್ಕ್. ಈ ಬಜೆಟ್ ಪಾಸಾದದ್ದು 2020ರ ಜೂನ್ 30ರಂದು. ಅದಕ್ಕೆ ಒಂದು ವಾರ ಮೊದಲಿನಿಂದಲೂ ಸಿಟಿ ಹಾಲ್‌ನ ಹೊರಗೆ ಜನ ಹಗಲು ರಾತ್ರಿ ಬೀಡುಬಿಟ್ಟು ಕೂತಿದ್ದರು. ಪೊಲೀಸ್ ಇಲಾಖೆಯಿಂದ ಕನಿಷ್ಠ 100 ಕೋಟಿ ಡಾಲರ್ ತೆಗೆದು ಶಾಲೆಗೆ, ಮನೆಗೆ, ಆಸ್ಪತ್ರೆಗೆ ಕೊಡಿ ಎಂಬುದು ಅವರ ಬೇಡಿಕೆ.

100 ಕೋಟಿ ಡಾಲರ್ ಎಂದರೆ 8,500 ಕೋಟಿ ರೂಪಾಯಿ. ಇಷ್ಟು ಕೇಳುತ್ತಾರೆಯೇ ಎಂದು ಹುಬ್ಬೇರಿಸುವ ಮೊದಲು ಆ ಇಲಾಖೆಯ ಗಾತ್ರ ನೋಡಿ. ವರ್ಷಕ್ಕೆ ಸುಮಾರು 600 ಕೋಟಿ ಡಾಲರ್, ಅಂದರೆ 51,000 ಕೋಟಿ ರೂಪಾಯಿ. ರಸ್ತೆ, ಚರಂಡಿ, ಕಸ, ಕೆರೆ, ಬೀದಿದೀಪ ಎಲ್ಲವನ್ನೂ ಸೇರಿಸಿಕೊಂಡು ಬಿಬಿಎಂಪಿ 2025-26ಕ್ಕೆ ಮಂಡಿಸಿದ ಬಜೆಟ್ ಸುಮಾರು 20,000 ಕೋಟಿ. ನ್ಯೂಯಾರ್ಕಿನ ಪೊಲೀಸ್ ಇಲಾಖೆ ಒಂದೇ ನಮ್ಮ ಬೆಂಗಳೂರಿನ ಪಾಲಿಕೆಯನ್ನು ಎರಡೂವರೆ ಸಲ ನಡೆಸಬಲ್ಲದು! ಚಂದ್ರಯಾನ-3ಕ್ಕೆ ತಗುಲಿದ್ದು 615 ಕೋಟಿ ರೂಪಾಯಿ. ಆ ಲೆಕ್ಕದಲ್ಲಿ ಈ ಇಲಾಖೆಯ ದುಡ್ಡಿನಲ್ಲಿ ನಾಲ್ಕೂವರೆ ದಿನಕ್ಕೊಂದರಂತೆ ವರ್ಷವಿಡೀ ಚಂದ್ರನಿಗೆ ನೌಕೆ ಕಳಿಸುತ್ತಲೇ ಇರಬಹುದು. ಪಿಂಚಣಿ, ವಿಮೆಗಳನ್ನೂ ಕೂಡಿಸಿದರೆ ಮೊತ್ತ 1,000 ಕೋಟಿ ಡಾಲರ್ ದಾಟುತ್ತದೆ. ಆಗ ಎಷ್ಟು ನೌಕೆ ಎಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಜನಬಲವೂ ಅಷ್ಟೇ. ಆಗ ಸಮವಸ್ತ್ರದ ಪೊಲೀಸರು ಸುಮಾರು 36,000. ಮೀಟರಿಗೊಬ್ಬರಂತೆ ಸಾಲಾಗಿ ನಿಲ್ಲಿಸಿದರೆ ಮೆಜೆಸ್ಟಿಕ್‌ನಿಂದ ಹೊರಟ ಸಾಲು ಬಿಡದಿ ಮುಟ್ಟುತ್ತದೆ. ಪೊಲೀಸರಲ್ಲದ 19,000 ಸಿಬ್ಬಂದಿಯೂ ಹಿಂದೆ ನಿಂತರೆ ರಾಮನಗರವೂ ದಾಟಿಹೋಯಿತು. ಈ ಸಾಲನ್ನು ನೆನಪಿಟ್ಟುಕೊಂಡಿರಿ, ಮುಂದೆ ಇನ್ನೊಂದು ಸಾಲು ಬರುತ್ತದೆ.

ಇದು ಒಂದು ಊರಿನ ಮಾತಾಯಿತು. ಅಮೆರಿಕದಲ್ಲಿ ಇಂತಹ ಪೊಲೀಸ್ ಪಡೆಗಳು, ಶೆರಿಫ್ ಕಚೇರಿಗಳು ಎಲ್ಲ ಸೇರಿ ಸುಮಾರು 18,000! ಒಂದೊಂದು ಊರಿಗೆ ಒಂದೊಂದು, ಜಿಲ್ಲೆಗೊಂದು, ವಿಶ್ವವಿದ್ಯಾಲಯಕ್ಕೊಂದು. 1977ರಲ್ಲಿ ಅಲ್ಲಿನ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳು ಪೊಲೀಸರಿಗೆ ಮಾಡುತ್ತಿದ್ದ ಖರ್ಚು, ಬೆಲೆಯೇರಿಕೆಯನ್ನು ಸರಿಹೊಂದಿಸಿದ ಮೇಲೆ, 4,200 ಕೋಟಿ ಡಾಲರ್. 2017ಕ್ಕೆ ಅದು 11,500 ಕೋಟಿ. 2021ರಲ್ಲಿ 13,500 ಕೋಟಿ.

13,500 ಕೋಟಿ ಡಾಲರ್ ಎಂದು ಬರೆದುಬಿಡುವುದು ಸುಲಭ, ಕಣ್ಣಿಗೆ ಕಟ್ಟುವುದು ಕಷ್ಟ. ತೂಕ ಹಾಕಿ ನೋಡೋಣ. ಒಂದು ಡಾಲರಿನ ನೋಟು ಸರಿಯಾಗಿ ಒಂದು ಗ್ರಾಂ ತೂಗುತ್ತದೆ. ಅಷ್ಟೂ ದುಡ್ಡನ್ನು ಒಂದು ಡಾಲರಿನ ನೋಟುಗಳಲ್ಲೇ ತಂದು ತಕ್ಕಡಿಗಿಟ್ಟರೆ 1,35,000 ಟನ್. ಮೈಸೂರು ದಸರೆಯಲ್ಲಿ ಅಂಬಾರಿ ಹೊರುವ ಅಭಿಮನ್ಯುವಿನಂಥ ಐದು ಟನ್ನಿನ ಆನೆಗಳು ಆ ಕಡೆಯ ತಟ್ಟೆಯಲ್ಲಿ 27,000 ಬೇಕು! ದೇಶದಲ್ಲೇ ಅತಿ ಹೆಚ್ಚು ಕಾಡಾನೆಗಳಿರುವ ರಾಜ್ಯ ನಮ್ಮದು. 2023ರ ಗಣತಿಯಲ್ಲಿ ಸಿಕ್ಕವು 6,395. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನಬೆಟ್ಟ, ಎಲ್ಲ ಕಡೆಯಿಂದ ಮರಿಯನ್ನೂ ಬಿಡದೆ ಅಟ್ಟಿಕೊಂಡು ಬಂದರೂ ತಕ್ಕಡಿ ಅಲ್ಲಾಡದು. ಅಂಥ ನಾಲ್ಕು ಕರ್ನಾಟಕಗಳ ಆನೆ ತಂದರೂ ಇನ್ನೂ ಸಾವಿರಕ್ಕೂ ಮೇಲೆ ಕೊರತೆ. ಅದೇ ನೋಟುಗಳನ್ನು ಒಂದರ ತುದಿಗೆ ಒಂದು ಜೋಡಿಸುತ್ತಾ ಹೋದರೆ ಎರಡು ಕೋಟಿ ಹತ್ತು ಲಕ್ಷ ಕಿಲೋಮೀಟರ್. ಭೂಮಿಗೆ 525 ಸುತ್ತು. ಸುತ್ತಿ ಬೇಸರವಾದರೆ ಚಂದ್ರನ ಕಡೆ ತಿರುಗಿಸಿ: ಹೋಗಿ ಬರುವುದು 27 ಸಲ.

ಹೊತ್ತಿನ ಲೆಕ್ಕ ಇದಕ್ಕಿಂತಲೂ ದಂಗುಬಡಿಸುತ್ತದೆ. ವರ್ಷಕ್ಕೆ 13,500 ಕೋಟಿ ಎಂದರೆ ಸೆಕೆಂಡಿಗೆ 4,281 ಡಾಲರ್. ರೂಪಾಯಿಯಲ್ಲಿ 3 ಲಕ್ಷ 64 ಸಾವಿರ. ನೀವು ಒಂದು ಸಲ ಉಸಿರೆಳೆದು ಬಿಡುವಷ್ಟರಲ್ಲಿ ಹತ್ತು ಲಕ್ಷ ಮೀರಿರುತ್ತದೆ. ನಿಮಿಷಕ್ಕೆ 2 ಕೋಟಿ 18 ಲಕ್ಷ. ದಿನಕ್ಕೆ 3,100 ಕೋಟಿ ರೂಪಾಯಿಗೂ ಹೆಚ್ಚು. ರಾತ್ರಿ, ಭಾನುವಾರ, ಹಬ್ಬದ ದಿನ ಎಂಬ ಭೇದವಿಲ್ಲದೆ ಓಡುವ ಈ ಗಡಿಯಾರವನ್ನು ಪೊಲೀಸ್ ಗಡಿಯಾರ ಎಂದು ಕರೆಯೋಣ. ಇಲ್ಲಿಂದ ಮುಂದೆ ನನ್ನ ಅಳತೆಗೋಲು ಇದೇ.

2020ರ ಮೇ 25ರ ಸಂಜೆ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸ್ ಅಧಿಕಾರಿ ಡೆರೆಕ್ ಶಾವಿನ್, ಕೈಗೆ ಬೇಡಿ ಹಾಕಿ ನೆಲಕ್ಕೆ ಕೆಡವಿದ್ದ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕತ್ತಿನ ಮೇಲೆ ಮಂಡಿಯೂರಿದ. ಕರೆ ಹೋದದ್ದು 20 ಡಾಲರಿನ ಒಂದು ನೋಟು ಖೋಟಾ ಇರಬಹುದೆಂಬ ಅನುಮಾನಕ್ಕೆ. ಮಂಡಿ ಅಲ್ಲಿದ್ದದ್ದು 9 ನಿಮಿಷ 29 ಸೆಕೆಂಡ್. ಫ್ಲಾಯ್ಡ್ ಸತ್ತ. ಅಷ್ಟು ಹೊತ್ತಿನಲ್ಲಿ ಪೊಲೀಸ್ ಗಡಿಯಾರ ಎಷ್ಟು ಓಡಿತು? 24 ಲಕ್ಷ ಡಾಲರ್. 20 ಡಾಲರಿನ ನೋಟಿಗಾಗಿ ಹೋದ ಕರೆಯದು. 24 ಲಕ್ಷದಲ್ಲಿ ಅಂಥ ನೋಟು 1,20,000 ಇವೆ.

ಆಮೇಲೆ ಎದ್ದ ಜನಸಾಗರದ ಸಂಖ್ಯೆಗಳನ್ನು ಮೊದಲ ಸಲ ಓದಿದಾಗ ನಾನು ಸೊನ್ನೆಗಳನ್ನು ಎರಡು ಸಲ ಎಣಿಸಿದ್ದೆ. ಜೂನ್ 6ರ ಒಂದೇ ದಿನ ಸುಮಾರು 550 ಸ್ಥಳಗಳಲ್ಲಿ ಐದು ಲಕ್ಷ ಜನ. ತಿಂಗಳು ಮುಗಿಯುವಷ್ಟರಲ್ಲಿ, ಬೇರೆ ಬೇರೆ ಸಮೀಕ್ಷೆಗಳ ಅಂದಾಜಿನಂತೆ, ಬೀದಿಗಿಳಿದವರು ಒಂದೂವರೆ ಕೋಟಿಯಿಂದ 2 ಕೋಟಿ 60 ಲಕ್ಷ! ಕಡಿಮೆಯ ಅಂದಾಜನ್ನೇ ಹಿಡಿಯೋಣ. ಒಂದೂವರೆ ಕೋಟಿ ಜನರನ್ನು ನಮ್ಮ ಕೆಂಪು ಬಸ್ಸುಗಳಲ್ಲಿ, ಬಸ್ಸಿಗೆ 50 ಜನರಂತೆ ಕೂರಿಸಿದರೆ ಮೂರು ಲಕ್ಷ ಬಸ್ಸು. ಒಂದರ ಹಿಂದೆ ಒಂದು ತಾಗಿಸಿ ನಿಲ್ಲಿಸಿದರೆ 3,600 ಕಿಲೋಮೀಟರ್: ಕನ್ಯಾಕುಮಾರಿಯಲ್ಲಿ ಮೊದಲ ಬಸ್ಸು, ಕಾಶ್ಮೀರದಲ್ಲಿ ಕೊನೆಯದು. ಹೆಚ್ಚಿನ ಅಂದಾಜು ಹಿಡಿದರೆ ನಿಲ್ಲಿಸಲು ದೇಶದ ಉದ್ದ ಸಾಲದು. ಇವರೆಲ್ಲ ಬಂದದ್ದು ಕೊರೊನಾ ಕಾಲದಲ್ಲಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು. ಬಂಧಿತರಿಗೆ ಜಾಮೀನು ಹಣ ಕಟ್ಟುವ ಮಿನೆಸೋಟ ಫ್ರೀಡಂ ಫಂಡ್ ಎಂಬ ಚಿಕ್ಕ ಸಂಸ್ಥೆಗೆ ಕೆಲವೇ ವಾರಗಳಲ್ಲಿ ಮೂರು ಕೋಟಿ ಡಾಲರ್ ಮೀರಿ ದೇಣಿಗೆ ಬಂತು, ನಮ್ಮ ಲೆಕ್ಕದಲ್ಲಿ 255 ಕೋಟಿ ರೂಪಾಯಿ.

ಅವರ ಫಲಕಗಳಲ್ಲಿದ್ದ ಮಾತು ‘ಡಿಫಂಡ್ ದ ಪೊಲೀಸ್’. ಪೊಲೀಸರ ದುಡ್ಡು ಕಡಿಮೆ ಮಾಡಿ, ಆ ದುಡ್ಡನ್ನು ಜನರ ಬದುಕಿಗೆ ಹಾಕಿ ಎಂಬುದು ಅದರ ತಿರುಳು. ಎಲ್ಲ ಪೊಲೀಸರನ್ನೂ ಮನೆಗೆ ಕಳಿಸಿ ಎಂದವರೂ ಇದ್ದರು, ಒಂದು ಪಾಲು ತೆಗೆಯಿರಿ ಎಂದವರೂ ಇದ್ದರು. ಇಬ್ಬರೂ ಎತ್ತಿದ ಪ್ರಶ್ನೆ ಒಂದೇ. ಅಷ್ಟು ದುಡ್ಡಿನಲ್ಲಿ ಪೊಲೀಸರು ಮಾಡುತ್ತಿರುವುದೇನು?

ಅಮೆರಿಕದಲ್ಲಿ ತುರ್ತು ಕರೆಯ ಸಂಖ್ಯೆ 911ಕ್ಕೆ ವರ್ಷಕ್ಕೆ ಹೋಗುವ ಕರೆ ಸುಮಾರು 24 ಕೋಟಿ. ದಿನಕ್ಕೆ ಆರೂವರೆ ಲಕ್ಷ, ಸೆಕೆಂಡಿಗೆ ಏಳಕ್ಕೂ ಹೆಚ್ಚು! ಪಕ್ಕದ ಮನೆಯ ಗದ್ದಲ, ಕೀಲಿ ಸಿಕ್ಕಿಬಿದ್ದ ಕಾರು, ಕುಡಿದು ಮೋರಿಯ ಪಕ್ಕ ಬಿದ್ದವನು, ಔಷಧ ಬಿಟ್ಟು ಬೀದಿಯಲ್ಲಿ ತನ್ನೊಡನೆ ತಾನೇ ಜಗಳವಾಡುತ್ತಿರುವ ಹೆಂಗಸು, ಎಲ್ಲಕ್ಕೂ ಅದೇ ಮೂರು ಅಂಕಿ. ನ್ಯೂಯಾರ್ಕ್ ಟೈಮ್ಸ್ 2020ರಲ್ಲಿ ನ್ಯೂ ಆರ್ಲಿಯನ್ಸ್, ಸ್ಯಾಕ್ರಮೆಂಟೊದಂಥ ಕೆಲವು ಕಡೆಗಳ ಕರೆಗಳ ಲೆಕ್ಕ ತೆಗೆದಾಗ, ಹಿಂಸೆಯ ಅಪರಾಧಗಳಿಗೆ ಪೊಲೀಸರ ಹೊತ್ತಿನಲ್ಲಿ ಸಂದದ್ದು ಸುಮಾರು ಶೇ 4. ನೂರು ಗಂಟೆಯಲ್ಲಿ ನಾಲ್ಕು! ಆದರೂ ಎಲ್ಲ ಕಡೆಗೂ ಹೋಗುವುದು ಸೊಂಟದಲ್ಲಿ ಪಿಸ್ತೂಲು ಇರುವವರೇ. ವಾಷಿಂಗ್ಟನ್ ಪೋಸ್ಟ್ 2015ರಿಂದ ಎಣಿಸುತ್ತಾ ಬಂದ ಲೆಕ್ಕದಲ್ಲಿ ಅಲ್ಲಿನ ಪೊಲೀಸರ ಗುಂಡಿಗೆ ಸಾಯುವವರು ವರ್ಷಕ್ಕೆ ಸುಮಾರು 1,000 ಜನ. ದಿನಕ್ಕೆ ಹತ್ತಿರ ಹತ್ತಿರ ಮೂವರು. ಐವರಲ್ಲಿ ಒಬ್ಬರಿಗೆ ಮನೋರೋಗವಿತ್ತು.

ಈಗ ಒಂದು ವ್ಯಾನು ನೋಡೋಣ. ಒರೆಗಾನ್ ರಾಜ್ಯದ ಯೂಜೀನ್, ಒಂದು ಲಕ್ಷ ಎಪ್ಪತ್ತಾರು ಸಾವಿರ ಜನರ ಊರು, ನಮ್ಮ ಉಡುಪಿಗಿಂತ ತುಸು ದೊಡ್ಡದು. 1989ರಲ್ಲಿ ಅಲ್ಲಿನ ವೈಟ್ ಬರ್ಡ್ ಕ್ಲಿನಿಕ್ ಎಂಬ ಸಂಸ್ಥೆ ಒಂದು ವ್ಯಾನ್ ಹೊರಡಿಸಿತು. ಸೇವೆಯ ಹೆಸರು ಕಹೂಟ್ಸ್. ವ್ಯಾನಿನಲ್ಲಿ ಇಬ್ಬರು: ಒಬ್ಬರು ವೈದ್ಯಕೀಯ ತರಬೇತಿ ಪಡೆದವರು, ಇನ್ನೊಬ್ಬರು ಮನಸ್ಸು ಕದಡಿದವರೊಡನೆ ಕೂತು ಮಾತಾಡಬಲ್ಲವರು. ಸಮವಸ್ತ್ರವಿಲ್ಲ. ಜೀನ್ಸ್ ಪ್ಯಾಂಟು, ಟೋಪಿಯ ಅಂಗಿ. ಪಿಸ್ತೂಲಿಲ್ಲ, ಬೇಡಿಯಿಲ್ಲ. ಚಳಿಯಲ್ಲಿ ಮುದುರಿ ಕೂತವನ ಪಕ್ಕ ಮೆಟ್ಟಿಲ ಮೇಲೆ ತಾವೂ ಕೂರುವುದು, ನೀರು ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಬರುತ್ತೀಯಾ ಎಂದು ಕೇಳಿ ಬಂದರೆ ಆಶ್ರಯಕ್ಕೆ ಬಿಡುವುದು.

2019ರಲ್ಲಿ ಈ ಸೇವೆಗೆ ಬಂದ ಕರೆಗಳು ಸುಮಾರು 24,000. ಇಪ್ಪತ್ತೆರಡು ನಿಮಿಷಕ್ಕೊಂದರಂತೆ, ಹಗಲು ರಾತ್ರಿ, ವರ್ಷಪೂರ್ತಿ! ಅವುಗಳಲ್ಲಿ ಪೊಲೀಸರೇ ಬನ್ನಿ, ನಮ್ಮಿಂದಾಗದು ಎಂದು ಕರೆದದ್ದು 311 ಸಲ. ನೂರಕ್ಕೆ ಎರಡೂ ತುಂಬದು. ಯೂಜೀನ್ ಮತ್ತು ಪಕ್ಕದ ಸ್ಪ್ರಿಂಗ್‌ಫೀಲ್ಡ್ ಎರಡೂ ಊರಿನ ಪೊಲೀಸ್ ಇಲಾಖೆಗಳಿಗೆ ವರ್ಷಕ್ಕೆ ಸುಮಾರು ಒಂಬತ್ತು ಕೋಟಿ ಡಾಲರ್. ಕಹೂಟ್ಸ್‌ಗೆ 21 ಲಕ್ಷ. ಆನೆಯ ಪಕ್ಕದಲ್ಲಿ ಒಂದು ಮೇಕೆ ಕಟ್ಟಿದ ಹಾಗೆ. ಆ ಮೇಕೆಯಿಂದ ಊರಿಗೆ ವರ್ಷಕ್ಕೆ 85 ಲಕ್ಷ ಡಾಲರ್ ಉಳಿಯುತ್ತಿದೆ ಎಂಬುದು ಕ್ಲಿನಿಕ್ಕಿನ ಅಂದಾಜಾಗಿತ್ತು, ತಾನು ತಿಂದದ್ದರ ನಾಲ್ಕು ಪಟ್ಟು.

ಏಳು ಲಕ್ಷ ಜನರ ಡೆನ್ವರ್ ಇದನ್ನು ನೋಡಿ 2020ರ ಜೂನ್‌ನಲ್ಲಿ ತಾನೂ ಶುರುಮಾಡಿತು. ಅಲ್ಲಿನ ಹೆಸರು ಸ್ಟಾರ್. ಮೊದಲಿಗೆ ಇದ್ದದ್ದು ಒಂದೇ ವ್ಯಾನು. ಮೊದಲ ಆರು ತಿಂಗಳಲ್ಲಿ ಹೋದ ಕರೆ 748. ಬಂಧನ? ಸೊನ್ನೆ! ಒಂದೇ ಒಂದೂ ಇಲ್ಲ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವ್ಯಾನು ಓಡಾಡಿದ ಪ್ರದೇಶಗಳಲ್ಲಿ ಸಣ್ಣಪುಟ್ಟ ಅಪರಾಧಗಳ ದೂರು ಶೇ 34ರಷ್ಟು ಇಳಿಯಿತು. ಹಳೆಯ ದಾರಿಯಲ್ಲಿ ಒಂದು ಪ್ರಕರಣಕ್ಕೆ ತಗುಲುತ್ತಿದ್ದದ್ದು 646 ಡಾಲರ್, ಈ ದಾರಿಯಲ್ಲಿ 151. ಮುಕ್ಕಾಲು ಪಾಲು ಉಳಿತಾಯ, ಮೇಲೆ ಅಪರಾಧವೂ ಕಡಿಮೆ! 2022ರ ಜುಲೈನಲ್ಲಿ ಇಡೀ ದೇಶಕ್ಕೆ ಮನಸ್ಸಿನ ಕಷ್ಟಕ್ಕೆಂದೇ 988 ಎಂಬ ಬೇರೆ ಸಂಖ್ಯೆ ಬಂತು. ಎರಡೇ ವರ್ಷದಲ್ಲಿ ಅದಕ್ಕೆ ಬಂದ ಕರೆ, ಸಂದೇಶಗಳು ಒಂದು ಕೋಟಿ ದಾಟಿದವು. ಆರು ಸೆಕೆಂಡಿಗೊಬ್ಬರು. ಇಷ್ಟು ಜನ ಆಚೆ ದಡದಲ್ಲಿ ದನಿಗಾಗಿ ಕಾದು ಕೂತಿದ್ದರಲ್ಲ!

ಸರ್ಕಾರದ ದುಡ್ಡು ಬರುವವರೆಗೆ ಜನ ಕೈಕಟ್ಟಿ ಕೂತಿರಲಿಲ್ಲ. ನಮ್ಮಲ್ಲಿ ನಾಟಿಗೆ, ಕುಯ್ಲಿಗೆ ಮುಯ್ಯಾಳು ಹೋಗುತ್ತಾರಲ್ಲ, ಇವತ್ತು ನಿನ್ನ ಗದ್ದೆ, ನಾಳೆ ನನ್ನದು ಎಂದು. ಅಂಥದ್ದಕ್ಕೆ ಅಲ್ಲಿನವರು ಮ್ಯೂಚುವಲ್ ಏಡ್ ಎನ್ನುತ್ತಾರೆ. 2020ರಲ್ಲಿ ನ್ಯೂಯಾರ್ಕಿನ ಫುಟ್‌ಪಾತ್‌ಗಳ ಮೇಲೆ ಬೀಗವಿಲ್ಲದ ಫ್ರಿಜ್‌ಗಳು ಕಾಣಿಸಿಕೊಂಡವು. ಪಕ್ಕದ ಅಂಗಡಿಯಿಂದ ಕರೆಂಟಿನ ವೈರು, ಬಾಗಿಲಿಗೆ ಬಣ್ಣ, ಒಳಗೆ ಹಾಲು, ಸೊಪ್ಪು, ಡಬ್ಬಿಯಲ್ಲಿ ಸಾರು. ಬೇಕಾದವರು ಒಯ್ಯಬಹುದು, ಇದ್ದವರು ಇಡಬಹುದು, ಯಾರೂ ಹೆಸರು ಕೇಳುವುದಿಲ್ಲ. ಅದೇ ಊರಿನ ಕ್ವೀನ್ಸ್ ವಿಲೇಜ್‌ನ ಗುರುದ್ವಾರವೊಂದು ಹತ್ತೇ ವಾರಗಳಲ್ಲಿ 1,45,000 ಊಟ ಕಟ್ಟಿಕೊಟ್ಟಿತು. ದಿನಕ್ಕೆ 2,000 ಮೀರಿ!

ದೊಡ್ಡದೆನಿಸಿತೇ? ಎಂಟು ವರ್ಷ ಹಿಂದಕ್ಕೆ ಹೋಗಿ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಅದೇ ನಗರಕ್ಕೆ ಬಡಿಯಿತು. ಹಿಂದಿನ ವರ್ಷ ವಾಲ್ ಸ್ಟ್ರೀಟ್ ಬಳಿ ಡೇರೆ ಹಾಕಿ ಕೂತಿದ್ದ ಹುಡುಗ ಹುಡುಗಿಯರು ‘ಆಕ್ಯುಪೈ ಸ್ಯಾಂಡಿ’ ಎಂದು ಹೆಸರಿಟ್ಟುಕೊಂಡು ನೆರವಿಗಿಳಿದರು. ಇವರಿಗೆ ಗೋದಾಮಿಲ್ಲ, ಕಚೇರಿಯಿಲ್ಲ. ಅಮೆಜಾನ್ ಜಾಲತಾಣದಲ್ಲಿ ಮದುವೆ ಉಡುಗೊರೆಯ ಪಟ್ಟಿ ಹಾಕುವ ಸೌಲಭ್ಯವಿದೆಯಲ್ಲ, ಅದರಲ್ಲಿ ಬೇಕಾದ ಸಾಮಾನು ಬರೆದರು: ಕಂಬಳಿ, ಟಾರ್ಚು, ಮಕ್ಕಳ ಡಯಾಪರ್. ವಧು ಇಲ್ಲ, ವರ ಇಲ್ಲ, ಉಡುಗೊರೆ ಮಾತ್ರ ಲಾರಿ ಲಾರಿ ಬಂದಿಳಿಯಿತು! ಜೋರಾಗಿದ್ದ ದಿನಗಳಲ್ಲಿ ಅವರ ಸ್ವಯಂಸೇವಕರು ಅಂದಾಜು 60,000. ಅಮೆರಿಕದ ರೆಡ್ ಕ್ರಾಸ್ ಆ ಕೆಲಸಕ್ಕೆ ಕಳಿಸಿದವರ ನಾಲ್ಕು ಪಟ್ಟಿಗೂ ಹೆಚ್ಚು. ಈಗ ಮೆಜೆಸ್ಟಿಕ್‌ನಿಂದ ಹೊರಟ ಆ ಸಾಲಿಗೆ ಬನ್ನಿ. ಪೊಲೀಸರು ಬಿಡದಿ ಮುಟ್ಟಿದರು, ಸಿಬ್ಬಂದಿ ಸೇರಿ ರಾಮನಗರ ದಾಟಿದರು. ಈ ಅರವತ್ತು ಸಾವಿರ ಜನ ಮೀಟರಿಗೊಬ್ಬರಂತೆ ನಿಂತರೆ ಸಾಲು ಬೊಂಬೆಗಳ ಊರು ಚನ್ನಪಟ್ಟಣಕ್ಕೆ ಬಂದು ನಿಲ್ಲುತ್ತದೆ. ಪೊಲೀಸ್ ಸಾಲಿಗೆ 51,000 ಕೋಟಿ ರೂಪಾಯಿ. ಇವರಲ್ಲಿ ಒಬ್ಬರಿಗೂ ಸಂಬಳವಿಲ್ಲ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸಿದ ಸಂಖ್ಯೆ ಹನ್ನೊಂದು. 1969ರ ಜನವರಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್, ಸೇಂಟ್ ಆಗಸ್ಟೀನ್ ಚರ್ಚ್. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಶಾಲೆಗೆ ಹೋಗುವ ಮಕ್ಕಳಿಗೆ ಬೆಳಗಿನ ತಿಂಡಿ ಕೊಡಲು ತೊಡಗಿದರು. ಜಾಗ ಕೊಟ್ಟವರು ಪಾದ್ರಿ ಅರ್ಲ್ ನೀಲ್, ಜೊತೆ ನಿಂತವರು ನೃತ್ಯ ಕಲಿಸುತ್ತಿದ್ದ ರೂತ್ ಬೆಕ್‌ಫರ್ಡ್. ಪೊಲೀಸರ ಬೆನ್ನು ಹತ್ತಿ ಕಾವಲು ಕಾಯುತ್ತಿದ್ದ, ಕಪ್ಪು ಜಾಕೆಟ್ಟಿನ ತರುಣರು ಬೆಳಗಿನ ಜಾವ ಎದ್ದು ಮೊಟ್ಟೆ ಹುರಿದು, ಬ್ರೆಡ್ ಬಿಸಿಮಾಡಿ, ಹಾಲು ಬಗ್ಗಿಸಿಟ್ಟು ಬಾಗಿಲು ತೆರೆದರು. ಮೊದಲ ದಿನ ಬಂದ ಮಕ್ಕಳು 11. ವಾರ ಮುಗಿಯುವಾಗ 135. ವರ್ಷ ಮುಗಿಯುವಾಗ 19 ನಗರಗಳಲ್ಲಿ 20,000!

ಹನ್ನೊಂದು ಇಪ್ಪತ್ತು ಸಾವಿರವಾಗಲು ಹಿಡಿದದ್ದು ಒಂದು ವರ್ಷ, ಹೆಚ್ಚಿದ್ದು 1,800 ಪಟ್ಟು. ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್‌ಗೆ ಪಕ್ಷದ ಬಂದೂಕುಗಳಿಗಿಂತ ಈ ತಿಂಡಿ ತಟ್ಟೆಯೇ ಹೆಚ್ಚು ಭಯ ಹುಟ್ಟಿಸಿತು. ಅದನ್ನು ಮುರಿಯಬೇಕೆಂದು ಅದೇ ವರ್ಷದ ಮೇ ತಿಂಗಳಲ್ಲಿ ತನ್ನ ಕಚೇರಿಗಳಿಗೆ ಬರೆದ. ತಿಂಡಿ ಕಾರ್ಯಕ್ರಮ ಕಾಲಕ್ರಮದಲ್ಲಿ ನಿಂತಿತು. ಆದರೆ ಪ್ರಾಯೋಗಿಕವಾಗಿ ನಡೆಯುತ್ತಿದ್ದ ಸರ್ಕಾರಿ ಶಾಲಾ ತಿಂಡಿ ಯೋಜನೆ 1975ರಲ್ಲಿ ಇಡೀ ದೇಶಕ್ಕೆ ಕಾಯಂ ಆಯಿತು. ಪ್ಯಾಂಥರ್‌ಗಳ ಒತ್ತಡ ಅದಕ್ಕೆ ಒಂದು ಕಾರಣ ಎನ್ನುವ ಇತಿಹಾಸಕಾರರಿದ್ದಾರೆ. ಈಗ ಅಲ್ಲಿ ಶಾಲೆಯಲ್ಲಿ ಬೆಳಗಿನ ತಿಂಡಿ ತಿನ್ನುವ ಮಕ್ಕಳು ದಿನಕ್ಕೆ ಸುಮಾರು 1 ಕೋಟಿ 40 ಲಕ್ಷ. ಒಂದು ದಿನದ ತಟ್ಟೆಗಳನ್ನು ತೊಳೆದು ಒಂದರೊಳಗೊಂದು, ತಟ್ಟೆಗೆ ಒಂದು ಸೆಂಟಿಮೀಟರಿನಂತೆ ಪೇರಿಸಿದರೆ ಗೋಪುರ 140 ಕಿಲೋಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಮುಳ್ಳಯ್ಯನಗಿರಿ ಇಡುತ್ತಾ ಹೋಗಿ, 72ಕ್ಕೂ ಹೆಚ್ಚು ಬೇಕು!

ವಯಸ್ಸಿನ ಲೆಕ್ಕವೂ ಒಂದಿದೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ರಿಚರ್ಡ್ ಆಲನ್ ಮತ್ತು ಅಬ್ಸಲೋಮ್ ಜೋನ್ಸ್ ಎಂಬಿಬ್ಬರು, ಗುಲಾಮಗಿರಿಯಿಂದ ಬಿಡುಗಡೆಯಾದವರು, ಫ್ರೀ ಆಫ್ರಿಕನ್ ಸೊಸೈಟಿ ಕಟ್ಟಿದರು. ಒಬ್ಬೊಬ್ಬರು ತಿಂಗಳಿಗೆ ಒಂದು ಬೆಳ್ಳಿಯ ಶಿಲ್ಲಿಂಗ್ ಹಾಕುವುದು, ಕಾಯಿಲೆ ಬಿದ್ದವರಿಗೆ, ಗಂಡನ ಕಳೆದುಕೊಂಡವರಿಗೆ ಅದರಿಂದ ಕೊಡುವುದು. ಆರು ವರ್ಷದಲ್ಲಿ ಹಳದಿ ಜ್ವರ ಬಂತು. 50,000 ಜನರ ಊರಿನಲ್ಲಿ ಸತ್ತವರು ಸುಮಾರು 5,000. ಹತ್ತು ಜನರಿಗೆ ಒಬ್ಬರು! ಉಳ್ಳವರು ಗಾಡಿ ಕಟ್ಟಿಕೊಂಡು ಓಡಿಹೋದಾಗ ಈ ಸೊಸೈಟಿಯವರು ಮನೆಮನೆಗೆ ಹೋಗಿ ಬಿಳಿಯರ ಬಾಯಿಗೂ ನೀರು ಬಿಟ್ಟರು, ಹೆಣ ಹೊತ್ತರು, ತಾವೂ ಸತ್ತರು. ಬಾಸ್ಟನ್ ನಗರ ಸಂಬಳದ ಪೊಲೀಸ್ ಪಡೆ ಕಟ್ಟಿದ್ದು 1838ರಲ್ಲಿ, ನ್ಯೂಯಾರ್ಕ್ 1845ರಲ್ಲಿ. ಒಬ್ಬರಿಗೊಬ್ಬರು ಆಗುವ ಆ ಸಂಘ ಬಾಸ್ಟನ್ನಿನ ಪೊಲೀಸರಿಗಿಂತ 51 ವರ್ಷ ಹಿರಿಯದು.

ಹಾಗಾದರೆ 2020ರಲ್ಲಿ ಬೀದಿಗೆ ಬಂದ ಕೋಟಿಗಟ್ಟಲೆ ಜನ ಎಷ್ಟು ದುಡ್ಡು ಕದಲಿಸಿದರು? ಪೊಲೀಸ್ ಗಡಿಯಾರ ಹೊರಗೆ ತೆಗೆಯಿರಿ.

ಮಿನಿಯಾಪೊಲಿಸ್‌ನಲ್ಲಿ 13 ಕೌನ್ಸಿಲರ್‌ಗಳಲ್ಲಿ ಒಂಬತ್ತು ಮಂದಿ ಪೌಡರ್‌ಹಾರ್ನ್ ಉದ್ಯಾನದ ವೇದಿಕೆ ಹತ್ತಿ, ಇಲಾಖೆಯನ್ನು ಬಿಚ್ಚಿ ಹೊಸದು ಕಟ್ಟುತ್ತೇವೆ ಎಂದು ಮಾತು ಕೊಟ್ಟರು. ಡಿಸೆಂಬರ್ ಹೊತ್ತಿಗೆ ಪೊಲೀಸ್ ಬಜೆಟ್ಟಿನಿಂದ ಬೇರೆಡೆಗೆ ಹೋದದ್ದು ಸುಮಾರು 80 ಲಕ್ಷ ಡಾಲರ್. ದೇಶದ ಗಡಿಯಾರದಲ್ಲಿ 31 ನಿಮಿಷ. ಲಾಸ್ ಏಂಜಲೀಸ್ ತನ್ನ ಪೊಲೀಸರಿಂದ 15 ಕೋಟಿ ಡಾಲರ್ ತೆಗೆಯಿತು: ಒಂಬತ್ತು ಮುಕ್ಕಾಲು ಗಂಟೆ. ಟೆಕ್ಸಾಸ್‌ನ ಆಸ್ಟಿನ್ ಎಲ್ಲರಿಗಿಂತ ಧೈರ್ಯ ಮಾಡಿ 43 ಕೋಟಿಯ ಬಜೆಟ್ಟಿನಲ್ಲಿ ಮೂರನೆಯ ಒಂದು ಪಾಲು, ಅದೂ 15 ಕೋಟಿಯೇ, ಕದಲಿಸಲು ತೀರ್ಮಾನಿಸಿತು, ಮನೆಯಿಲ್ಲದವರಿಗಾಗಿ ಹೋಟೆಲ್ ಕೊಳ್ಳುವಲ್ಲಿಗೂ ಹೋಯಿತು. ಮರುವರ್ಷವೇ ರಾಜ್ಯ ಸರ್ಕಾರ ಕಾನೂನು ತಂದು ದುಡ್ಡನ್ನು ಪೊಲೀಸರಿಗೆ ಮರಳಿಸಿತು. ನ್ಯೂಯಾರ್ಕ್ 100 ಕೋಟಿ ಕಡಿತ ಎಂದು ಸಾರಿತು: ಎರಡು ದಿನ, ಹದಿನೇಳು ಗಂಟೆ. ಅದರಲ್ಲೂ ಶಾಲೆಗಳ ಕಾವಲುಗಾರರನ್ನು ಶಿಕ್ಷಣ ಇಲಾಖೆಯ ಪುಸ್ತಕಕ್ಕೆ ದಾಟಿಸುವಂಥ ಬಾಬತ್ತುಗಳು ಬೇಕಾದಷ್ಟಿದ್ದವು. ಆ ವರ್ಷ ಅಮೆರಿಕದಲ್ಲಿ ಕೊಲೆಗಳು ಹತ್ತಿರ ಹತ್ತಿರ ಶೇ 30ರಷ್ಟು ಏರಿದವು. ಪೊಲೀಸ್ ಬಜೆಟ್ ಇಳಿದ ಊರುಗಳಲ್ಲಿ ಏರಿದಂತೆ, ಬಜೆಟ್ ಹೆಚ್ಚಿದ ಊರುಗಳಲ್ಲೂ ಏರಿದವು. ಆದರೂ ಭಯ ಗೆದ್ದಿತು. 2021ರ ನವೆಂಬರ್‌ನಲ್ಲಿ ಮಿನಿಯಾಪೊಲಿಸ್ ಜನರ ಮುಂದೆ ಪ್ರಶ್ನೆ ಬಂದಾಗ ಶೇ 56 ಮಂದಿ ಹಳೆಯ ಇಲಾಖೆಯೇ ಇರಲಿ ಎಂದರು. ಶೇ 44 ಮಂದಿ ಹೊಸದು ಬೇಕೆಂದರು. ಶತಮಾನಕ್ಕೂ ಹಳೆಯ ವ್ಯವಸ್ಥೆಯೊಂದರ ಎದುರು ನೂರರಲ್ಲಿ ನಲವತ್ತನಾಲ್ಕು ಜನ! ನನಗೆ ಇದು ಸೋಲಿನ ಸಂಖ್ಯೆಯಾಗಿ ಕಾಣುವುದಿಲ್ಲ.

ಊರುಗಳಲ್ಲಿ ದುಡ್ಡಿಲ್ಲ ಎನ್ನುವವರಿಗೆ ಇನ್ನೊಂದು ಲೆಕ್ಕ. ಫ್ಲಾಯ್ಡ್ ಕುಟುಂಬಕ್ಕೆ ಮಿನಿಯಾಪೊಲಿಸ್ ನಗರ 2021ರಲ್ಲಿ ಕೊಟ್ಟ ಪರಿಹಾರ 2 ಕೋಟಿ 70 ಲಕ್ಷ ಡಾಲರ್. ಪೊಲೀಸ್ ಬಜೆಟ್ಟಿನಿಂದ ಕಷ್ಟಪಟ್ಟು ಕದಲಿಸಿದ್ದರ ಮೂರು ಪಟ್ಟಿಗೂ ಹೆಚ್ಚು. ದೇಶದ ಅತಿ ದೊಡ್ಡ 25 ಪೊಲೀಸ್ ಮತ್ತು ಶೆರಿಫ್ ಇಲಾಖೆಗಳ ಮೇಲಿನ ದೌರ್ಜನ್ಯದ ದೂರುಗಳನ್ನು ಇತ್ಯರ್ಥ ಮಾಡಲು ಹತ್ತು ವರ್ಷದಲ್ಲಿ ಆದ ಖರ್ಚನ್ನು ವಾಷಿಂಗ್ಟನ್ ಪೋಸ್ಟ್ 2022ರಲ್ಲಿ ಕೂಡಿತು: 320 ಕೋಟಿ ಡಾಲರ್! ಆ ದುಡ್ಡಿನಲ್ಲಿ ಯೂಜೀನಿನ ಕಹೂಟ್ಸ್ ಸೇವೆಯನ್ನು ಎಷ್ಟು ವರ್ಷ ನಡೆಸಬಹುದಿತ್ತು? 1,523 ವರ್ಷ. 2022ರಿಂದ ಅಷ್ಟು ಹಿಂದಕ್ಕೆ ನಡೆಯಿರಿ. ವಿಜಯನಗರ ದಾಟಿ, ಹೊಯ್ಸಳರ ದಾಟಿ, ರಾಷ್ಟ್ರಕೂಟರ ದಾಟಿ ಹೋಗುತ್ತೀರಿ. 543ರಲ್ಲಿ ಒಂದನೆಯ ಪುಲಕೇಶಿ ಬಾದಾಮಿಯ ಬೆಟ್ಟದ ಮೇಲೆ ಕೋಟೆ ಕಟ್ಟಿದ, ಅದನ್ನೂ ದಾಟಿ 499ಕ್ಕೆ ಬಂದು ನಿಲ್ಲುತ್ತೀರಿ. ಹಲ್ಮಿಡಿಯ ಶಾಸನ ಕೊರೆದು ಆಗಿನ್ನೂ ಸುಮಾರು ಐವತ್ತು ವರ್ಷ. ಅಂದು ಹೊರಟ ವ್ಯಾನು 2022ರವರೆಗೂ ನಿಲ್ಲದೆ ಓಡುತ್ತಿರುತ್ತಿತ್ತು.

ನಿಜವಾದ ವ್ಯಾನು ಓಡಿದ್ದು 36 ವರ್ಷಕ್ಕೆ ಸ್ವಲ್ಪ ಕಡಿಮೆ. 2025ರ ಏಪ್ರಿಲ್‌ನಲ್ಲಿ ಯೂಜೀನ್‌ನಲ್ಲಿ ಕಹೂಟ್ಸ್ ಸೇವೆ ನಿಂತಿತು. ದುಡ್ಡು ಸಾಲಲಿಲ್ಲ. 24,000 ಕರೆಗಳಿಗೆ ಓಗೊಟ್ಟ ವರ್ಷ ಅದರ ಇಡೀ ವರ್ಷದ ಖರ್ಚು 21 ಲಕ್ಷ ಡಾಲರ್. ಪೊಲೀಸ್ ಗಡಿಯಾರದಲ್ಲಿ ಅದು ಎಂಟು ನಿಮಿಷ ಹತ್ತು ಸೆಕೆಂಡ್. ಜಾರ್ಜ್ ಫ್ಲಾಯ್ಡ್‌ನ ಕತ್ತಿನ ಮೇಲೆ ಮಂಡಿ ಇದ್ದದ್ದು ಅದಕ್ಕಿಂತ ಒಂದು ನಿಮಿಷ ಹತ್ತೊಂಬತ್ತು ಸೆಕೆಂಡ್ ಹೆಚ್ಚು.